ವಾರ್ನಿಂಗ್ ಹೋಯಿತು, ಕಾರಣ ಹೋಗಿಲ್ಲ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಬುಕಿಂಗ್ ಸೈಟನ್ನು ಪಿಎಚ್‌ಪಿಯಲ್ಲಿ ನಾನೇ ಬರೆದಿದ್ದೇನೆ. ಹೋಂಸ್ಟೇ ಹೆಸರನ್ನು ಕನ್ನಡಕ್ಕೆ ಬದಲಿಸಲು ಹಳೆಯ ವಿಂಡೋಸ್ 7 ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ಕಾನ್ಫಿಗ್ ಫೈಲ್ ತಿದ್ದಿದೆ. ಆಮೇಲೆ ಸರ್ವರಿನಲ್ಲಿ ಲಾಗಿನ್ ಆಗುವಾಗ ‘ಹೆಡರ್ಸ್ ಆಲ್‌ರೆಡಿ ಸೆಂಟ್’ ಎಂಬ ವಾರ್ನಿಂಗ್. ಔಟ್‌ಪುಟ್ ಶುರುವಾದದ್ದು ಆ ಫೈಲಿನ 1ನೇ ಸಾಲಿನಲ್ಲಿ ಎನ್ನುತ್ತದೆ. ಅಲ್ಲಿ ಪಿಎಚ್‌ಪಿಯ ಆರಂಭದ ಟ್ಯಾಗ್ ಬಿಟ್ಟು ಏನೂ ಇಲ್ಲ. ಅದೇ ಫೈಲು ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ನಡೆಯುತ್ತದೆ! ಗೆಳೆಯರು ಹೇಳಿದಂತೆ ಮೊದಲ ಪುಟದ ಮೇಲ್ತುದಿಯಲ್ಲಿ, ಔಟ್‌ಪುಟನ್ನು ತಡೆಹಿಡಿಯುವ ‘ಓಬಿ ಸ್ಟಾರ್ಟ್’ (ob_start) ಹಾಕಿದೆ, ವಾರ್ನಿಂಗ್ ಹೋಯಿತು. ಹೀಗೇ ಬಿಡಬಹುದೇ?
— ಒಬ್ಬ ಓದುಗರು, ಮೂಡಿಗೆರೆ

ಉತ್ತರ: ದಯವಿಟ್ಟು ಬಿಡಬೇಡಿ. ಕಾರಣ ನಿಮ್ಮ ಪತ್ರದಲ್ಲೇ ಇದೆ: ನೋಟ್‌ಪ್ಯಾಡ್. ಕನ್ನಡ ಬರೆದು ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಕ್ರಮ) ಸೇವ್ ಮಾಡಿದರೆ ವಿಂಡೋಸ್ 7ರ ನೋಟ್‌ಪ್ಯಾಡ್ ಫೈಲಿನ ತಲೆಯಲ್ಲಿ ಕಣ್ಣಿಗೆ ಕಾಣದ 3 ಬೈಟ್ ಸೇರಿಸುತ್ತದೆ. ಅದಕ್ಕೆ ಬಾಮ್ (BOM) ಎನ್ನುತ್ತಾರೆ. ಆರಂಭದ ಟ್ಯಾಗಿಗಿಂತ ಮುಂಚೆ ಇರುವುದರಿಂದ ಪಿಎಚ್‌ಪಿ ಅದನ್ನು ಪುಟದ ಪಠ್ಯವೆಂದೇ ತಿಳಿದು ಬ್ರೌಸರಿಗೆ ಕಳಿಸಿಬಿಡುತ್ತದೆ. ಸರ್ವರ್ ಬ್ರೌಸರಿಗೆ ಉತ್ತರ ಕಳಿಸುವ ಎಚ್‌ಟಿಟಿಪಿ ನಿಯಮದಲ್ಲಿ ಹೆಡರ್, ಅಂದರೆ ಪುಟದ ಬಗೆಗಿನ ಸೂಚನೆಗಳು ಮೊದಲು, ಪುಟ ಆಮೇಲೆ. ಪುಟದ ಒಂದು ಬೈಟ್ ಹೊರಟರೂ ಸಾಕು, ಹೊಸ ಹೆಡರ್ ಸೇರಿಸಲು ಆಗುವುದಿಲ್ಲ. ಲಾಗಿನ್ ಆದವರನ್ನು ಗುರುತಿಡುವ ಸೆಷನ್ ಕುಕೀ, ಲಾಗಿನ್ ಆದ ಮೇಲೆ ಬೇರೆ ಪುಟಕ್ಕೆ ಕಳಿಸುವ ರೀಡೈರೆಕ್ಟ್ ಎರಡೂ ಹೆಡರಿನಲ್ಲೇ ಹೋಗಬೇಕಾದವು.

ಲ್ಯಾಪ್‌ಟಾಪಿನಲ್ಲಿ ಇದು ಕಾಣಿಸದಿರಲು ಕಾರಣ ಬಫರ್, ಅಂದರೆ ಔಟ್‌ಪುಟನ್ನು ಕಳಿಸುವ ಮೊದಲು ಕೂಡಿಡುವ ಜಾಗ. ಪಿಎಚ್‌ಪಿ ಜೊತೆ ಬರುವ ಮಾದರಿ ಸೆಟ್ಟಿಂಗ್ ಫೈಲಿನಲ್ಲಿ ‘ಔಟ್‌ಪುಟ್ ಬಫರಿಂಗ್’ 4096 ಎಂದಿದೆ. ಅಷ್ಟು ಬೈಟ್ ತುಂಬುವವರೆಗೆ ಔಟ್‌ಪುಟ್ ಒಳಗೇ ನಿಲ್ಲುತ್ತದೆ. ನಿಮ್ಮ ಸರ್ವರಿನಲ್ಲಿ ಅದು ಆಫ್ ಆಗಿರಬೇಕು.

ಈ 4096ರ ವಿಷಯ ಕನ್ನಡದಲ್ಲಿ ಬರೆಯುವವರು ತಿಳಿದಿರಲೇಬೇಕು. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ 1 ಬೈಟ್. ಕನ್ನಡದಲ್ಲಿ ಅಕ್ಷರ, ಗುಣಿತದ ಚಿಹ್ನೆ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ (್) ಪ್ರತಿಯೊಂದಕ್ಕೂ 3. ‘ಚಿಕ್ಕಮಗಳೂರು’ ಎಂಬ ಒಂದೇ ಪದ 33 ಬೈಟ್! ಹಾಗಾಗಿ ಇಂಗ್ಲಿಷ್ ಪುಟದಲ್ಲಿ ಬಫರ್ ಮುಚ್ಚಿಟ್ಟ ತಪ್ಪು, ಅದೇ ಪುಟವನ್ನು ಕನ್ನಡಕ್ಕೆ ತಂದಾಗ ಬಫರ್ ಬೇಗ ತುಂಬಿ ಹೊರಬೀಳುತ್ತದೆ. ಆಗ ಜನ ಕನ್ನಡವನ್ನೇ ದೂರುತ್ತಾರೆ. ನನಗೆ ತುಂಬಾ ಬೇಸರ ತರಿಸುವ ಮಾತು ಅದು. ತಪ್ಪು ಕೋಡಿನ ಕ್ರಮದಲ್ಲಿರುತ್ತದೆ, ಭಾಷೆಯಲ್ಲಲ್ಲ.

‘ಓಬಿ ಸ್ಟಾರ್ಟ್’ ಹಾಕಿದ್ದರಿಂದ ಆ 3 ಬೈಟ್ ಅಳಿದಿಲ್ಲ. ಕೊನೆಗೆ ಪುಟದ ಜೊತೆಯಲ್ಲೇ ಹೋಗುತ್ತವೆ. ನಾಳೆ ಮುಂಗಡ ಹಣಕ್ಕೆ ಯುಪಿಐ ಕ್ಯೂಆರ್ ಚಿತ್ರವನ್ನು ಇದೇ ಕಾನ್ಫಿಗ್ ಸೇರಿಸಿಕೊಂಡು ಪಿಎಚ್‌ಪಿಯಿಂದ ಕಳಿಸಿದಿರಿ ಎನ್ನಿ. ಪಿಎನ್‌ಜಿ ಶುರುವಿಗೆ ಮುಂಚೆ 3 ಬೈಟ್ ಬಂದರೆ ಚಿತ್ರ ತೆರೆಯುವುದೇ ಇಲ್ಲ.

ಫೈಲನ್ನು ವಿಎಸ್ ಕೋಡ್‌ನಲ್ಲಿ ತೆರೆಯಿರಿ. ಕೆಳಗಿನ ಪಟ್ಟಿಯಲ್ಲಿ ‘ಯುಟಿಎಫ್-8 ವಿತ್ ಬಾಮ್’ ಎಂದಿರುತ್ತದೆ. ಅದನ್ನು ಒತ್ತಿ ಬರೀ ಯುಟಿಎಫ್-8ರಲ್ಲಿ ಸೇವ್ ಮಾಡಿ. ಪೂರ್ತಿ ಪಿಎಚ್‌ಪಿಯೇ ಇರುವ ಫೈಲಿನ ಕೊನೆಯ ಮುಕ್ತಾಯ ಟ್ಯಾಗ್ ತೆಗೆದುಬಿಡಿ, ಅದರ ನಂತರದ ಖಾಲಿ ಸಾಲುಗಳೂ ಇದೇ ತೊಂದರೆ ಕೊಡುತ್ತವೆ. ಲಾಗಿನ್ ಪರೀಕ್ಷೆ, ರೀಡೈರೆಕ್ಟ್ ಎಲ್ಲ ಮುಗಿದ ಮೇಲಷ್ಟೇ ಎಚ್‌ಟಿಎಂಎಲ್ ಶುರುವಾಗಲಿ. ಲ್ಯಾಪ್‌ಟಾಪಿನಲ್ಲಿ ಬಫರಿಂಗ್ 0 ಮಾಡಿಕೊಳ್ಳಿ, ತಪ್ಪು ಅಲ್ಲೇ ಕಾಣಲಿ.

‘ಓಬಿ ಸ್ಟಾರ್ಟ್’ ಬೇಡವೇ ಬೇಡ ಎನ್ನುತ್ತಿಲ್ಲ. ಬುಕಿಂಗ್ ಖಾತ್ರಿಯ ಇಮೇಲ್ ಕಳಿಸುವಾಗ ಟೆಂಪ್ಲೇಟನ್ನು ಅದರೊಳಗೆ ನಡೆಸಿ, ‘ಓಬಿ ಗೆಟ್ ಕ್ಲೀನ್’ನಿಂದ ಪಠ್ಯ ಎತ್ತಿಕೊಂಡು ಇಮೇಲಿಗೆ ಹಾಕಬಹುದು. ಅದಕ್ಕೆ ಧಾರಾಳವಾಗಿ ಬಳಸಿ.