ನಾನೇ ಕಟ್ಟಿದ ವಾಲ್ವ್ ಆಂಪ್ಲಿಫೈಯರ್‌ಗೆ ಒಂದು ಎಂಓವಿ ಹಾಕಿದರೆ ಸಾಕೇ?

ಎಂಓವಿ (ಮೆಟಲ್ ಆಕ್ಸೈಡ್ ವೇರಿಸ್ಟರ್, ವೋಲ್ಟೇಜ್ ಮಿತಿ ಮೀರಿದಾಗ ಆ ಹೊಡೆತವನ್ನು ತಾನೇ ನುಂಗುವ ಸಣ್ಣ ಬಿಲ್ಲೆ) ಹಾಕಿ. ಆದರೆ ಎಲ್ಲ ಭಾರವನ್ನೂ ಅದರ ಮೇಲೆ ಹಾಕಿ ಕೂರಬೇಡಿ.

ಬೆಂಗಳೂರಿನಲ್ಲಿ ಕರೆಂಟ್ ಹೋಗಿ ಬರುವಾಗ ನಿಮ್ಮ ಇಎಲ್84 ವಾಲ್ವ್‌ಗಳ (ಗಾಜಿನ ನಿರ್ವಾತ ಕೊಳವೆಗಳ) ಸ್ಟೀರಿಯೋ ಆಂಪ್ಲಿಫೈಯರ್ ಸುಟ್ಟುಹೋದೀತೆಂಬ ಭಯ ಸರಿಯಾದದ್ದೇ. ಆದರೆ ಕಾಟ ಎರಡು ಬಗೆಯದು. ಎಲ್ಲೋ ಸಿಡಿಲು ಹೊಡೆದಾಗಲೋ, ಪಕ್ಕದ ಮನೆಯ ಬೋರ್‌ವೆಲ್ ಮೋಟಾರ್ ಆಫ್ ಆದಾಗಲೋ ಬರುವ ಸ್ಪೈಕ್, ಅಂದರೆ ವೋಲ್ಟೇಜಿನ ದಿಢೀರ್ ನೆಗೆತ, ಒಂದು. ಅದರ ಆಯಸ್ಸು ಮೈಕ್ರೋಸೆಕೆಂಡುಗಳಷ್ಟೇ. ಎಂಓವಿ ಇರುವುದು ಅದಕ್ಕೆ. 275 ವೋಲ್ಟ್ ಎಸಿಯದು, ಸಾಧ್ಯವಾದರೆ 20 ಮಿಮೀ ಬಿಲ್ಲೆ, ಎಸ್‌ಪಿ ರೋಡಿನಲ್ಲಿ ಕೇಳಿದರೆ ಕೊಡುತ್ತಾರೆ. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ, ಫ್ಯೂಸ್ ದಾಟಿದ ಮೇಲೆ ಬೆಸುಗೆ ಹಾಕಿ.

ಎರಡನೆಯದು ನ್ಯೂಟ್ರಲ್ (ಎಲ್ಲ ಫೇಸ್‌ಗಳಿಗೂ ಒಂದೇ ಆದ ವಾಪಸು ತಂತಿ) ಕಟ್ ಆಗುವುದು. ನಾನು ಹೆದರುವುದು ಇದಕ್ಕೇ. ಹನುಮಂತನಗರದ ನಮ್ಮ ಕಟ್ಟಡಕ್ಕೆ ತ್ರೀ ಫೇಸ್ ಇದೆ. ಒಂದು ಏಪ್ರಿಲ್ ಸಂಜೆ, ವರ್ಷದ ಮೊದಲ ಗುಡುಗು ಮಳೆ. ಇದ್ದಕ್ಕಿದ್ದ ಹಾಗೆ ಹಾಲ್‌ನ ಬಲ್ಬ್ ಮದುವೆ ಮನೆಯ ಲೈಟಿನಂತೆ ಝಗ್ಗೆಂದಿತು, ಫ್ಯಾನ್ ಕಿತ್ತುಕೊಂಡು ಹೋಗುವಂತೆ ತಿರುಗಿತು. ಕೆಳಗಿನ ಮನೆಯಲ್ಲಿ ಮಾತ್ರ ದೀಪ ಮಿಣಮಿಣ. ಅಮ್ಮ "ಮೇನ್ ಆಫ್ ಮಾಡೋ!" ಎಂದು ಕೂಗುವಷ್ಟರಲ್ಲಿ ಆಂಪ್ಲಿಫೈಯರ್ ಒಳಗೆ ಟಪ್ ಅಂತ ಸದ್ದು. ಎಂಓವಿ ಸಿಡಿದು ಶಾರ್ಟ್ ಆಗಿ, 1 ಆಂಪಿಯರ್ ಸ್ಲೋ ಬ್ಲೋ ಫ್ಯೂಸನ್ನು ಕರೆದುಕೊಂಡು ಹೋಗಿತ್ತು. ಉಳಿದದ್ದಕ್ಕೆಲ್ಲ ಏನೂ ಆಗಿರಲಿಲ್ಲ. ಅದೇ ಎಂಓವಿಯನ್ನು ಫ್ಯೂಸಿಗೆ ಮೊದಲೇ ಹಾಕಿದ್ದರೆ ಅಲ್ಲೇ ಹೊತ್ತಿ ಉರಿಯುವ ಅಪಾಯವಿತ್ತು.

ನ್ಯೂಟ್ರಲ್ ಬಿಟ್ಟಾಗ 230ರ ಜಾಗದಲ್ಲಿ 400ರ ಹತ್ತಿರ ಬರಬಹುದು, ಅದೂ ಸೆಕೆಂಡುಗಟ್ಟಲೆ, ನಿಮಿಷಗಟ್ಟಲೆ. ಇದನ್ನು ಕುಡಿದು ಅರಗಿಸಿಕೊಳ್ಳುವ ಎಂಓವಿ ಇಲ್ಲ. ಫ್ರಿಜ್‌ಗೆಂದು ಮಾರುವ, ವೋಲ್ಟೇಜ್ ಏರಿದರೆ ಕಟ್ ಮಾಡಿ ಕರೆಂಟ್ ಬಂದ ಮೇಲೂ ಎರಡು ಮೂರು ನಿಮಿಷ ಕಾದು ಕೊಡುವ ಡಬ್ಬಿಯನ್ನು ಪ್ಲಗ್‌ಗೆ ಮೊದಲು ಇಡಿ. ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಇದಕ್ಕೆ.

ಇನ್ನು ಒಳಗಿನ ವಿಷಯ. ವಾಲ್ವ್‌ಗಳು ಗಟ್ಟಿಪಿಂಡಗಳು, ಸ್ಪೈಕಿಗೆ ಸುಲಭವಾಗಿ ಜಗ್ಗುವುದಿಲ್ಲ. ಸಾಯುವುದು ಡಯೋಡ್, ಕೆಪಾಸಿಟರ್. ನಿಮ್ಮ ಟ್ರಾನ್ಸ್‌ಫಾರ್ಮರ್ 250-0-250 (ಮಧ್ಯದ ತಂತಿಯಿಂದ ಎರಡೂ ಕಡೆಗೆ 250 ವೋಲ್ಟ್ ಕೊಡುವಂಥದ್ದು) ಆಗಿದ್ದರೆ ಒಂದೊಂದು ಡಯೋಡಿನ ಮೇಲೆ ಹಿಮ್ಮುಖವಾಗಿ 700 ವೋಲ್ಟ್ ಬೀಳುತ್ತದೆ. ಮನೆಗೆ ಬರುವ ಲೈನ್ 230ರಿಂದ 260ಕ್ಕೆ ಏರಿದರೆ ಅದೇ 800. 1ಎನ್4007 ಡಯೋಡ್ ತಾಳುವುದು 1000, ಸ್ಪೈಕಿಗೆ ಉಳಿಯುವ ಅಂತರ ಕಡಿಮೆ, ಹಾಗಾಗಿ ಒಂದೊಂದು ಕಡೆಗೂ ಎರಡರಂತೆ ಸರಣಿಯಲ್ಲಿ ಹಾಕಿ. ವಾಲ್ವ್ ಬಿಸಿಯಾಗುವ ಮುನ್ನ ಲೋಡ್ ಇರುವುದಿಲ್ಲವಾದ್ದರಿಂದ ಫಿಲ್ಟರ್ ಕೆಪಾಸಿಟರ್ 350 ವೋಲ್ಟ್ ಕಾಣುತ್ತದೆ, ಲೈನ್ ಏರಿದ ದಿನ 400. ಅಲ್ಲಿ 350ರ ಕೆಪಾಸಿಟರ್ ಇಟ್ಟಿದ್ದರೆ ಇವತ್ತೇ ತೆಗೆದು 450ರದ್ದು ಹಾಕಿ. 260ರಲ್ಲಿ ವಾಲ್ವ್ ಬಿಸಿಮಾಡುವ 6.3 ವೋಲ್ಟಿನ ಹೀಟರ್ ಕೂಡ 7.1 ಆಗಿರುತ್ತದೆ, ತಕ್ಷಣ ಏನೂ ಕಾಣದಿದ್ದರೂ ವಾಲ್ವ್ ಆಯಸ್ಸು ಕರಗುತ್ತಿರುತ್ತದೆ.

ಚಾಸಿಗೆ (ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ) ಅರ್ಥ್ ಕೊಟ್ಟಿದ್ದೀರಿ ತಾನೆ? ಬಾಡಿಗೆ ಮನೆಗಳಲ್ಲಿ ಮೂರನೇ ಪಿನ್ನಿನ ತೂತು ಎಷ್ಟೋ ಸಲ ಬರೀ ಅಲಂಕಾರ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ಗುಡುಗು ಶುರುವಾದರೆ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ ಕೀಳಿ. ಟಿವಿಯಿಂದ ಬಂದ ಆಡಿಯೋ ವೈರನ್ನೂ ಕೀಳಿ, ಕೇಬಲ್ ಹಿಡಿದು ಬರುವ ಹೊಡೆತ ಆ ದಾರಿಯಲ್ಲೂ ಒಳಗೆ ನುಗ್ಗುತ್ತದೆ.

ಎಂಓವಿ ಹಾಕಲು ಚಾಸಿ ತಿರುಗಿಸುವ ಮುನ್ನ ಒಂದು ಮಾತು: ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟ್ ಕೂತಿರಬಹುದು. ಅದಕ್ಕೆ ಅಡ್ಡಲಾಗಿ 220ಕೆ (220 ಕಿಲೋ ಓಮ್), 2 ವಾಟ್ ರೆಸಿಸ್ಟರ್ ಕಾಯಮ್ಮಾಗಿ ಇರಲಿ. ಎರಡು ಮೂರು ನಿಮಿಷ ಬಿಟ್ಟು ಮೀಟರ್ ಇಟ್ಟು ನೋಡಿ, ಸೊನ್ನೆಗೆ ಇಳಿದಿದ್ದರೆ ಮಾತ್ರ ಕೈ ಹಾಕಿ. ಅದೂ ಒಂದೇ ಕೈ, ಇನ್ನೊಂದು ಜೇಬಿನಲ್ಲಿರಲಿ.