ಮೊದಲ ಶೋ ಮುಗಿದ ಮೇಲೆ ನೀವು ಎಲ್ಲಿರುತ್ತೀರಿ?

ಪತ್ರ: ಸಂಪಾದಕರೇ, ನನಗೆ ಇಪ್ಪತ್ತೆಂಟು ವರ್ಷ. ಇಲ್ಲಿಯವರೆಗೆ ನಾಲ್ಕು ನಾಟಕ ನಿರ್ದೇಶಿಸಿದ್ದೇನೆ. ಒಂದೊಂದೂ ಮೂರ್ನಾಲ್ಕು ಶೋ ಆಯಿತು, ಜನ ಮೆಚ್ಚಿದರು, ಅಲ್ಲಿಗೆ ಮುಗಿಯಿತು. ದೊಡ್ಡ ಉತ್ಸವ ಯಾವುದಕ್ಕೂ ಆಯ್ಕೆಯಾಗಿಲ್ಲ. ನನ್ನ ಜೊತೆ ಶುರು ಮಾಡಿದವರ ಹೆಸರು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಐದನೆಯ ನಾಟಕವನ್ನು ದೊಡ್ಡ ತಂಡ, ದೊಡ್ಡ ರಂಗಸಜ್ಜಿಕೆ ಇಟ್ಟುಕೊಂಡು ಮಾಡಬೇಕೆಂದಿದ್ದೇನೆ. ನನಗೆ ತಡವಾಯಿತೇ? ಹೊಸ ನಿರ್ದೇಶಕರು ಮೇಲೆ ಬರುವುದು ಹೇಗೆ?
(ಹೆಸರು ಬೇಡ ಎಂದ ಓದುಗರು)

ಉತ್ತರ: "ಮೂರ್ನಾಲ್ಕು ಶೋ ಆಯಿತು, ಅಲ್ಲಿಗೆ ಮುಗಿಯಿತು" ಅಂತ ಎಷ್ಟು ಸಲೀಸಾಗಿ ಬರೆದುಬಿಟ್ಟಿದ್ದೀರಿ! ಉತ್ಸವದವರು ಕರೆಯಲಿಲ್ಲ ಎಂಬ ಸಂಕಟಕ್ಕೆ ಒಂದು ಪುಟ ಪೂರ್ತಿ ಕೊಟ್ಟಿದ್ದೀರಿ (ಕತ್ತರಿ ಹಾಕಿದ್ದೇನೆ, ಬೇಸರ ಬೇಡ). ನಾಲ್ಕು ನಾಟಕ ಅರ್ಧಕ್ಕೇ ನಿಂತು ಹೋದದ್ದಕ್ಕೆ ಮಾತ್ರ ಅರ್ಧ ಸಾಲು.

ತಡವಾಯಿತೇ ಎಂಬುದನ್ನು ಮೊದಲು ಮುಗಿಸೋಣ. ಇಲ್ಲ, ಆಗಿಲ್ಲ. ಹೆಸರಾಂತ ರಂಗನಿರ್ದೇಶಕ ಹಬೀಬ್ ತನ್ವೀರ್ 'ಚರಣ್‌ದಾಸ್ ಚೋರ್' ನಾಟಕ ಮಾಡಿದ್ದು 1975ರಲ್ಲಿ, ಐವತ್ತು ದಾಟಿದ ಮೇಲೆ. ನಮ್ಮ ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು. ಅವರು ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದಾಗ ಮೂವತ್ತು ದಾಟಿತ್ತು. ಅವರ ಹೆಸರು ಹೇಳಿದರೆ ನಮಗೆ ನೆನಪಾಗುವುದೆಲ್ಲ ಅದರ ನಂತರದ್ದು. ಆದರೆ ಹೊಸಬರಿಗೆ ಇವರ ವಯಸ್ಸು ಕಾಣುವುದಿಲ್ಲ. ಇಂಗ್ಲೆಂಡಿನ ನಿರ್ದೇಶಕ ಪೀಟರ್ ಬ್ರೂಕ್ ವಯಸ್ಸು ಬಾಯಿಪಾಠ ಇರುತ್ತದೆ. 1946ರಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲಿ ಶೇಕ್ಸ್‌ಪಿಯರ್ ನಾಟಕ ಮಾಡಿಸಿದಾಗ ಅವರಿಗೆ ಇಪ್ಪತ್ತೊಂದು. ಅದನ್ನು ಹಿಡಿದುಕೊಂಡು ಕೊರಗುವವರನ್ನು ಬೇಕಾದಷ್ಟು ನೋಡಿದ್ದೇನೆ.

ಅದೇ ನಾಟಕದ ಇನ್ನೊಂದು ಸಂಗತಿ ಯಾರಿಗೂ ನೆನಪಿರುವುದಿಲ್ಲ. ಬ್ರೂಕ್ ಅವರೇ ಅದನ್ನು ಬರೆದಿಟ್ಟಿದ್ದಾರೆ. ತಾಲೀಮಿನ ಹಿಂದಿನ ರಾತ್ರಿ ರಟ್ಟಿನ ತುಂಡುಗಳನ್ನು ಮಡಚಿ, ಅವನ್ನೇ ನಟರು ಅಂದುಕೊಂಡು, ಮಾದರಿ ರಂಗದ ಮೇಲೆ ಆ ಕಡೆ ಈ ಕಡೆ ಸರಿಸಿ ಮೂವ್‌ಮೆಂಟ್ ಗೊತ್ತು ಮಾಡಿಕೊಂಡರಂತೆ. ಎಲ್ಲವನ್ನೂ ಬರೆದುಕೊಂಡು ದಪ್ಪ ಪುಸ್ತಕ ಹಿಡಿದು ಬೆಳಿಗ್ಗೆ ಹೋದರು. ನಟರಿಗೆ ಮೊದಲ ಪ್ರವೇಶ ಹೇಳಿಕೊಟ್ಟರು. ಅವರು ನಡೆಯಲು ಶುರು ಮಾಡಿದ್ದೇ ತಡ, ಲೆಕ್ಕವೆಲ್ಲ ತಪ್ಪಿತು. ಒಬ್ಬರ ನಡಿಗೆ ಚುರುಕು, ಒಬ್ಬರದು ನಿಧಾನ. ರಟ್ಟಿನ ತುಂಡಿನ ಹಾಗೆ ಯಾರೂ ಇಲ್ಲ. ನಟರನ್ನು ಪುಸ್ತಕಕ್ಕೆ ಹೊಂದಿಸಬೇಕು, ಇಲ್ಲವೇ ಪುಸ್ತಕ ಬಿಡಬೇಕು. ಬ್ರೂಕ್ ಪುಸ್ತಕ ಬಿಟ್ಟು ನಟರ ನಡುವೆ ಹೋಗಿ ನಿಂತರು.

ತನ್ವೀರ್ ಅವರಿಗೆ ಇದೇ ಪಾಠ ಕಲಿಯಲು ವರ್ಷಗಳೇ ಬೇಕಾದವು. ಅವರು ಲಂಡನ್‌ನಲ್ಲಿ ನಾಟಕ ಕಲಿತು ಬಂದವರು. ಛತ್ತೀಸ್‌ಗಢದ ನಾಚಾ ಎಂಬ ಜಾನಪದ ಆಟದ ಕಲಾವಿದರನ್ನು ಕರೆತಂದು, ಇಲ್ಲಿಂದ ಅಲ್ಲಿಗೆ ನಡಿ, ಈ ಮಾತಿಗೆ ತಿರುಗು ಅಂತ ಬ್ಲಾಕಿಂಗ್ ಕೊಟ್ಟರು. ಮಾತು ಹಿಂದಿಯಲ್ಲಿ. ಊರಿನ ಆಟದಲ್ಲಿ ರಾತ್ರಿಯಿಡೀ ಜನರನ್ನು ಹಿಡಿದು ಕೂರಿಸುತ್ತಿದ್ದ ಅದೇ ನಟರು ಇಲ್ಲಿ ಪೆಚ್ಚಾಗಿ ನಿಂತರು. ಕೊನೆಗೆ ತನ್ವೀರ್ ಎರಡನ್ನೂ ಕೈಬಿಟ್ಟು, ಅವರ ಭಾಷೆಯಲ್ಲೇ, ಅವರ ರೀತಿಯಲ್ಲೇ ಆಡಲು ಬಿಟ್ಟರು. 1982ರಲ್ಲಿ ಎಡಿನ್‌ಬರೊದಲ್ಲಿ ನಡೆದ ಉತ್ಸವದಲ್ಲಿ ಅವರ 'ಚರಣ್‌ದಾಸ್ ಚೋರ್'ಗೆ ಪ್ರಶಸ್ತಿ ಬಂತು. ನೀವು ಆಸೆಪಡುವ ಉತ್ಸವಗಳಲ್ಲೇ ದೊಡ್ಡದು! ಆದರೆ ಅವರ ತಂಡ ನಯಾ ಥಿಯೇಟರ್ ಶುರುವಾಗಿದ್ದು 1959ರಲ್ಲಿ. ನಡುವಿನ ಇಪ್ಪತ್ತಮೂರು ವರ್ಷದ ಬಗ್ಗೆ ಯಾರೂ ನನಗೆ ಪತ್ರ ಬರೆಯುವುದಿಲ್ಲ.

ಈಗ ನಿಮ್ಮ ಪರವಾಗಿಯೂ ಒಂದು ಮಾತು ಹೇಳುತ್ತೇನೆ, ಇಲ್ಲದಿದ್ದರೆ ನ್ಯಾಯವಲ್ಲ. ಪ್ಯಾರಿಸ್ಸಿನ ಆಂದ್ರೆ ಆಂತ್ವಾನ್ ಗ್ಯಾಸ್ ಕಂಪನಿಯಲ್ಲಿ ಗುಮಾಸ್ತರಾಗಿದ್ದರು. 1887ರಲ್ಲಿ, ಹೆಚ್ಚುಕಮ್ಮಿ ನಿಮ್ಮದೇ ವಯಸ್ಸಿನಲ್ಲಿ, ಅಮ್ಮನ ಮನೆಯ ಕುರ್ಚಿ ಮೇಜನ್ನು ಕೈಗಾಡಿಗೆ ಹೇರಿಕೊಂಡು ಹೋಗಿ ನಾಟಕ ಆಡಿಸಿದರು. ಅವರ ಬಹಳಷ್ಟು ನಾಟಕಗಳಿಗೆ ಬೆರಳೆಣಿಕೆಯ ಶೋಗಳೇ. ಆದರೂ ಯುರೋಪಿನ ರಂಗಭೂಮಿ ಅವರಿಂದ ಬದಲಾಯಿತು. ಉತ್ಸವಗಳಿಂದ ಉಪಯೋಗ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಬೇರೆಯವರ ಕೆಲಸ ನೋಡಲು ಸಿಗುತ್ತದೆ, ನಾಲ್ಕು ಜನರ ಪರಿಚಯ ಆಗುತ್ತದೆ. ಆಯಿತಲ್ಲ?

ಇನ್ನು ನನ್ನ ಮಾತು. ನಿರ್ದೇಶಕರು ಕಲಿಯುವುದರಲ್ಲಿ ಜಾಸ್ತಿ ಪಾಲು ಮೊದಲ ಶೋ ಆದಮೇಲಿನದು. ತಾಲೀಮಿನಲ್ಲಿ ನೀವು ಅಂದುಕೊಂಡದ್ದನ್ನು ನಟರಿಗೆ ಹೇಳುತ್ತೀರಿ. ಅದರಲ್ಲಿ ಎಷ್ಟು ನಿಂತಿತು, ಎಷ್ಟು ಉದುರಿತು ಅಂತ ಗೊತ್ತಾಗುವುದು ಪ್ರೇಕ್ಷಕರ ಎದುರು ಮತ್ತೆ ಮತ್ತೆ ಆಡಿದಾಗ. ಮೂರನೇ ಶೋಗೆ ಪರದೆ ಮಡಚಿಟ್ಟವರಿಗೆ ಅದು ಗೊತ್ತಾಗುವುದು ಹೇಗೆ?

ಹಿಂದೊಮ್ಮೆ ಒಬ್ಬ ಯುವ ನಿರ್ದೇಶಕರ ನಾಟಕ ನೋಡಿದ್ದೆ. ಮಗಳು ಮನೆ ಬಿಟ್ಟು ಹೋಗುವ ದೃಶ್ಯ. ಅಪ್ಪ ಕುರ್ಚಿ ಎಳೆದು ಕೂತು ಒಂದೇ ಒಂದು ಮಾತು ಆಡಬೇಕು. ಕುರ್ಚಿ ಕರ್ರ್ ಎಂದಿತು, ಜನ ಕಿಸಕ್ಕನೆ ನಕ್ಕರು, ದೃಶ್ಯ ಕೆಟ್ಟಿತು. ನಿರ್ದೇಶಕರು ಬೆಳಕು ಬದಲಿಸಿದರು, ಹಿಂದೆ ಸಂಗೀತ ಹಾಕಿದರು. ನಗು ನಿಲ್ಲಲಿಲ್ಲ. ಕೆಲವು ತಿಂಗಳ ಮೇಲೆ ಅದೇ ನಾಟಕಕ್ಕೆ ಮತ್ತೆ ಹೋದೆ. ಈ ಸಲ ಅಪ್ಪನ ಪಾತ್ರದವರು ಕುರ್ಚಿಯನ್ನು ಎಳೆಯಲಿಲ್ಲ. ಎರಡೂ ಕೈಯಲ್ಲಿ ಎತ್ತಿ ತಂದರು, ಸದ್ದಾಗದಂತೆ ಇಟ್ಟರು, ಆದರೆ ಕೂರಲಿಲ್ಲ. ಅದರ ಬೆನ್ನು ಹಿಡಿದು ನಿಂತೇ ಮಾತು ಆಡಿದರು. ಸಂಗೀತ ಇರಲಿಲ್ಲ. ಯಾರೂ ಕೆಮ್ಮಲಿಲ್ಲ ಕೂಡ. ಆಮೇಲೆ ಗ್ರೀನ್‌ರೂಮಿನಲ್ಲಿ ನಿರ್ದೇಶಕರನ್ನು ಹೊಗಳಲು ಹೋದರೆ, "ನಾನು ಹೇಳಿದ್ದಲ್ಲ ಸಾರ್, ಆಡ್ತಾ ಆಡ್ತಾ ಅವರಿಗೇ ಹೊಳೀತು. ನಾನು ಸುಮ್ನೆ ಸಂಗೀತ ತೆಗೆದೆ ಅಷ್ಟೆ" ಅಂದರು. ಆ ಸಂಗೀತ ತೆಗೆಯುವುದೇ ನಿರ್ದೇಶನ ಕಣ್ರೀ. ಎಷ್ಟೋ ಪ್ರಶಸ್ತಿ ಬಂದವರಿಗೂ ಅದು ಬರುವುದಿಲ್ಲ.

ನಮ್ಮ ಕಂಪನಿ ನಾಟಕದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಕಡೆ ಕ್ಯಾಂಪ್ ಹಾಕಿದರೆ ಜನ ಬರುವಷ್ಟು ದಿನ ಅದೇ ನಾಟಕ. ಎಲ್ಲಿ ಸಾಲು ಸಡಿಲವೋ ಅಲ್ಲಿ ಬಿಗಿ ಮಾಡುವುದು, ಎಲ್ಲಿ ಚಪ್ಪಾಳೆ ಬೀಳುತ್ತದೋ ಅಲ್ಲಿ ಒಂದು ಕ್ಷಣ ನಿಲ್ಲುವುದು. ಕಾರಂತರ ಕಿವಿ ತಯಾರಾದದ್ದು ಅಂಥ ಕಡೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1985ರಲ್ಲಿ ತಿರುಗಾಟ ಶುರು ಮಾಡಿದ್ದರಿಂದ ಒಂದೇ ತಂಡ ತಿಂಗಳುಗಟ್ಟಲೆ ಅವೇ ನಾಟಕಗಳನ್ನು ಊರೂರಿಗೆ ಒಯ್ಯುವುದು ನಮ್ಮ ಕಾಲದಲ್ಲೂ ಉಳಿಯಿತು. ಫ್ರಾನ್ಸಿನಲ್ಲಿ ಅರಿಯಾನ್ ಮ್ನೂಶ್ಕಿನ್ 1964ರಲ್ಲಿ ಗೆಳೆಯರ ಜೊತೆ ತಂಡ ಕಟ್ಟಿದರು. ಅಲ್ಲಿ ನಿರ್ದೇಶಕಿಗೂ ಅಡುಗೆಯವರಿಗೂ ಒಂದೇ ಸಂಬಳ. ಅರುವತ್ತು ವರ್ಷ ಕಳೆದರೂ ಆ ತಂಡ ಇದೆ.

ತಪ್ಪು ನಿಮ್ಮದೊಂದೇ ಅಂತ ನಾನು ಹೇಳುತ್ತಿಲ್ಲ. ದುಡ್ಡಿನ ಲೆಕ್ಕವೇ ಹಾಗಿದೆ. ನಟರಿಗೆ ಶೋಗೆ ಇಷ್ಟು ಅಂತ ಕೊಡುವ ಕಡೆ ಕೂಡ ನಿರ್ದೇಶಕರಿಗೆ ಸಿಗುವುದು ಸಾಮಾನ್ಯವಾಗಿ ಒಂದೇ ಗಂಟು, ಅದೂ ಮೊದಲ ಶೋವರೆಗಿನ ಕೆಲಸಕ್ಕೆ. ಆಮೇಲೆ ಬಂದು ಕೂತರೆ ಬಸ್ ಚಾರ್ಜೂ ಕೈಯಿಂದಲೇ. ಹಾಗಿದ್ದಾಗ ಹೊಟ್ಟೆಪಾಡಿಗೆ ಮುಂದಿನ ನಾಟಕಕ್ಕೆ ಓಡದೆ ಏನು ಮಾಡುತ್ತಾರೆ? ಧನಸಹಾಯ ಕೊಡುವವರೂ ಅಷ್ಟೆ. ಹೊಸ ನಾಟಕ ಅಂದರೆ ಅರ್ಜಿ ತೆಗೆದುಕೊಳ್ಳುತ್ತಾರೆ. ಹಳೆಯದನ್ನೇ ಇನ್ನೂ ಇಪ್ಪತ್ತು ಶೋ ಆಡುತ್ತೇವೆ ಅಂದರೆ "ಹೊಸತೇನಿದೆ?" ಅನ್ನುತ್ತಾರೆ. ಹೊಸತು ಇರುವುದೇ ಅಲ್ಲಿ ಎಂದು ಇವರಿಗೆ ಬಿಡಿಸಿ ಹೇಳುವವರು ಯಾರು? ಇನ್ನು ವಿಡಿಯೊ ನೋಡಿ ನಾಟಕ ಆರಿಸುವುದೊಂದು. ಕ್ಯಾಮೆರಾಕ್ಕೆ ರಂಗಸಜ್ಜಿಕೆ ಚೆನ್ನಾಗಿ ಕಾಣುತ್ತದೆ, ಬಣ್ಣದ ಬೆಳಕು ಚೆನ್ನಾಗಿ ಕಾಣುತ್ತದೆ. ಕುರ್ಚಿ ಹಿಡಿದು ನಿಂತ ಆ ಅಪ್ಪನ ಮೌನ ಕಾಣುವುದಿಲ್ಲ. ಹೀಗಾಗಿ ನಾಟಕಗಳೂ ವಿಡಿಯೊಗೆ ತಕ್ಕ ಹಾಗೆ ಊದಿಕೊಳ್ಳುತ್ತಿವೆ. ನಿಮ್ಮ "ದೊಡ್ಡ ತಂಡ, ದೊಡ್ಡ ರಂಗಸಜ್ಜಿಕೆ" ಎಲ್ಲಿಂದ ಬಂತು ಅಂತ ನನಗೆ ಗೊತ್ತಿಲ್ಲವೇ? ಪೋಸ್ಟರ್ ನೋಡಿ, ನಿರ್ದೇಶಕರ ಹೆಸರು ನಾಟಕದ ಹೆಸರಿಗಿಂತ ದಪ್ಪ ಇರುತ್ತದೆ, ನಟರದು ಭೂತಗನ್ನಡಿ ಹಿಡಿದು ಹುಡುಕಬೇಕು. ವಿಮರ್ಶಕರೂ ಮೊದಲ ದಿನವೇ ಬಂದು, ಇನ್ನೂ ಬೇಯದ ನಾಟಕದ ಮೇಲೆ ತೀರ್ಪು ಬರೆದು ಹೋಗುತ್ತಾರೆ.

ನಿಮ್ಮ ಕೈಯಲ್ಲಿರುವುದು ಇಷ್ಟು. ಐದನೆಯ ನಾಟಕವನ್ನು ಒಂದು ವರ್ಷ ಮುಂದಕ್ಕೆ ಹಾಕಿ. ನಾಲ್ಕರಲ್ಲಿ ಯಾವುದಕ್ಕೆ ನಟರು ಕಮ್ಮಿ, ಸಾಮಾನು ಕಮ್ಮಿ ಇವೆಯೋ ಅದನ್ನು ಎತ್ತಿಕೊಳ್ಳಿ. ಎರಡು ಚೀಲದಲ್ಲಿ ಹಿಡಿಸುವಷ್ಟು ಪ್ರಾಪರ್ಟಿ ಸಾಕು, ಶಾಲೆಯ ಕೊಠಡಿಯಲ್ಲೂ ಆಡಬಹುದು. ಸಾಧ್ಯವಾದರೆ ಹಳೆಯ ನಟರನ್ನೇ ಕೂಡಿಸಿ. ನಟರಿಗೆ ಕೊಡುವಷ್ಟೇ ನಿಮಗೂ ಶೋ ಲೆಕ್ಕದಲ್ಲಿ ಇಟ್ಟುಕೊಳ್ಳಿ, ನಾಚಿಕೆ ಬೇಡ. ಪ್ರತಿ ಶೋಗೂ ಹೋಗಿ ಹಿಂದಿನ ಸಾಲಿನಲ್ಲಿ ಕೂತು, ರಂಗದ ಬದಲು ಜನರನ್ನು ನೋಡಿ. ಎಲ್ಲಿ ಅಲುಗಾಡುತ್ತಾರೆ, ಎಲ್ಲಿ ಮೊಬೈಲ್ ತೆಗೆಯುತ್ತಾರೆ ಬರೆದುಕೊಳ್ಳಿ. ಅದನ್ನು ಅಂದೇ ರಾತ್ರಿ ನಟರ ತಲೆಗೆ ಕಟ್ಟಬೇಡಿ. ಅವರಿಗೆ ಸುಸ್ತಾಗಿರುತ್ತದೆ. ಮರುದಿನ ಹೇಳಿ.

ಇಪ್ಪತ್ತನೇ ಶೋನ ತಾರೀಖು ಗೊತ್ತಾದ ಮೇಲೆ ನನಗೆ ಬರೆಯಿರಿ. ಮೊದಲನೆಯದಕ್ಕೆ ಕರೆಯಬೇಡಿ. ಇಪ್ಪತ್ತನೆಯದಕ್ಕೆ ನಮ್ಮ ಪತ್ರಿಕೆಯಿಂದ ಒಬ್ಬರು ಬರುತ್ತಾರೆ, ಟಿಕೆಟ್ ಕೊಂಡೇ ಬರುತ್ತಾರೆ.

ಸಂ.