ಸೋರುವ ನಲ್ಲಿಯ ಕೆಳಗೆ ಒಂದು ಲೋಟ

ಓದುಗರ ಪತ್ರ:
ಮಾನ್ಯ ಸಂಪಾದಕರೇ, ನಿಮ್ಮ ವಿಜ್ಞಾನ ವಿಶೇಷಾಂಕದಲ್ಲಿ ಬಂದ ಬಾಲಪ್ರತಿಭೆಗಳ ಲೇಖನಗಳನ್ನು ಓದಿದೆ. ಖುಷಿಗಿಂತ ಬೇಸರವೇ ಹೆಚ್ಚಾಯಿತು. ನಾನು ಹತ್ತನೇ ತರಗತಿ. ವಿಜ್ಞಾನದಲ್ಲಿ ನನ್ನ ಅಂಕ ಅರವತ್ತು ದಾಟುವುದಿಲ್ಲ. ನಮಗೆ ಗೊತ್ತಿರುವ ವಿಜ್ಞಾನಿಗಳು ಯಾರೂ ಇಲ್ಲ. ನಮ್ಮಂಥವರು ವಿಜ್ಞಾನ ಕಲಿತು ಜಗತ್ತಿಗೆ ಏನು ಮಾಡಬಲ್ಲೆವು? ನಮ್ಮ ಶಾಲೆಯ ಎರಡು ನಲ್ಲಿಗಳು ವರ್ಷದಿಂದ ತೊಟ್ಟಿಕ್ಕುತ್ತಿವೆ. ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದನ್ನೇ ಸರಿಮಾಡಿಸಲಾಗದವರು ಜಗತ್ತನ್ನು ಬದಲಿಸುತ್ತೇವೆಯೇ?
– ಹೆಸರು ಹಾಕಬೇಡಿ ಎಂದು ಕೋರಿದ ವಿದ್ಯಾರ್ಥಿನಿ

ಸಂಪಾದಕರ ಉತ್ತರ:

ಪ್ರಿಯ ವಿದ್ಯಾರ್ಥಿನಿ,

ನಿಮ್ಮ ಪತ್ರವನ್ನು ನಮ್ಮ ಬಳಗದವರೆಲ್ಲ ಓದಿದೆವು. ನಿಮಗಾದ ಬೇಸರದಲ್ಲಿ ನಮ್ಮ ಪಾಲೂ ಇದೆ. ಆ ಲೇಖನಗಳಲ್ಲಿ ಮಕ್ಕಳು ಪದಕ ಹಿಡಿದು ನಿಂತ ಚಿತ್ರಗಳನ್ನು ದೊಡ್ಡದಾಗಿ ಹಾಕಿದೆವು. ಅದಕ್ಕೂ ಮುಂಚೆ ಅವರು ತಿಂಗಳುಗಟ್ಟಲೆ ಏನು ಮಾಡುತ್ತಿದ್ದರು ಎಂಬುದನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಟ್ಟೆವು. ಹಾಗೆ ಓದಿದಾಗ ಅವರೆಲ್ಲ ಹುಟ್ಟಾ ಪ್ರತಿಭೆಗಳೆಂದೂ ಉಳಿದವರು ಚಪ್ಪಾಳೆ ತಟ್ಟಬೇಕಾದವರೆಂದೂ ಅನ್ನಿಸಿದರೆ ಆಶ್ಚರ್ಯವಿಲ್ಲ. ಬಿಟ್ಟುಹೋದ ಆ ಭಾಗವನ್ನು ಈಗಲಾದರೂ ಹೇಳುತ್ತೇನೆ.

ಅಮೆರಿಕದ ಎಮಿಲಿ ರೋಸಾ ಎಂಬ ಹುಡುಗಿಗೆ 1996ರಲ್ಲಿ ಒಂಬತ್ತು ವರ್ಷ. ರೋಗಿಯ ಮೈಮುಟ್ಟದೆ, ಮೇಲಿನಿಂದ ಕೈಯಾಡಿಸಿ, ದೇಹದ ಸುತ್ತಲಿನ 'ಶಕ್ತಿಕ್ಷೇತ್ರ'ವನ್ನು ಸರಿಪಡಿಸುತ್ತೇವೆ ಎನ್ನುವ ಚಿಕಿತ್ಸೆಯೊಂದು ಅಲ್ಲಿ ಆಗ ಚಾಲ್ತಿಯಲ್ಲಿತ್ತು. ದೊಡ್ಡವರು ಅದರ ಪರ, ವಿರೋಧ ವಾದ ಮಾಡುತ್ತಿದ್ದರು. ಎಮಿಲಿ ವಾದಕ್ಕೆ ಹೋಗಲಿಲ್ಲ. ಶಾಲೆಯ ವಿಜ್ಞಾನ ಪ್ರಾಜೆಕ್ಟಿಗೆಂದು ಒಂದು ರಟ್ಟಿನ ಪರದೆ ನಿಲ್ಲಿಸಿದಳು. ಚಿಕಿತ್ಸಕರು ಅದರ ತೂತುಗಳ ಮೂಲಕ ಎರಡೂ ಕೈಗಳನ್ನು ಅಂಗೈ ಮೇಲಾಗಿ ಚಾಚಬೇಕು. ಅವಳು ನಾಣ್ಯ ಚಿಮ್ಮಿ, ಬಿದ್ದ ಮುಖದ ಪ್ರಕಾರ ಎಡಗೈಯ ಮೇಲೋ ಬಲಗೈಯ ಮೇಲೋ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈಯ ಮೇಲೆ ಎಂದು ಅವರು ಹೇಳಬೇಕು. ಶಕ್ತಿಕ್ಷೇತ್ರ ನಿಜವಾಗಿ ಕೈಗೆ ತಿಳಿಯುವುದಾದರೆ ಇದು ಕಷ್ಟವೇ ಅಲ್ಲ.

21 ಚಿಕಿತ್ಸಕರು, 280 ಸಲ. ಸರಿಯಾಗಿ ಹೇಳಿದ್ದು 123 ಸಲ, ಅಂದರೆ ಶೇಕಡಾ 44. ಸುಮ್ಮನೆ ಊಹಿಸಿದ್ದರೂ ಅರ್ಧದಷ್ಟು ಸರಿಯಾಗುತ್ತಿತ್ತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಈ ಅಧ್ಯಯನವನ್ನು ಪ್ರಕಟಿಸಿದಾಗ ಅವಳಿಗೆ ಹನ್ನೊಂದು. ಪ್ರಬಂಧ ಬರೆಯಲು ನರ್ಸ್ ಆಗಿದ್ದ ತಾಯಿಯೂ ಇತರ ದೊಡ್ಡವರೂ ಜೊತೆಗಿದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಇದರಲ್ಲಿ ಬಳಕೆಯಾದ ಉಪಕರಣಗಳನ್ನು ನೋಡಿ: ಒಂದು ರಟ್ಟು, ಒಂದು ನಾಣ್ಯ, ಒಂದು ಪೆನ್ಸಿಲ್ಲು. ಅಂಕ ಗಳಿಸುವ ಬುದ್ಧಿಗಿಂತ ಇಲ್ಲಿ ಕೆಲಸ ಮಾಡಿದ್ದು ಒಂದೇ ಒಂದು ಎಚ್ಚರ, ನನಗೂ ಮೋಸವಾಗಬಾರದು ಎಂಬುದು. ನಾಣ್ಯ ಚಿಮ್ಮಿದ್ದು ಅದಕ್ಕಾಗಿಯೇ. ಯಾವ ಕೈ ಎಂದು ತಾನೇ ಆರಿಸಿಕೊಂಡರೆ ಅದರಲ್ಲಿ ಏನಾದರೂ ಲಯ ನುಸುಳಬಹುದು, ಎದುರಿಗಿರುವವರು ಅದನ್ನು ಹಿಡಿದುಬಿಡಬಹುದು.

ಇನ್ನೊಬ್ಬ ಎರಾಸ್ಟೊ ಎಂಪೆಂಬಾ, ಈಗಿನ ಟಾಂಜಾನಿಯದ ಹುಡುಗ. 1963ರಲ್ಲಿ ಶಾಲೆಯಲ್ಲಿ ಐಸ್‌ಕ್ರೀಮ್ ಮಾಡುವಾಗ, ಫ್ರೀಜರ್‌ನಲ್ಲಿ ಜಾಗ ತಪ್ಪಿಹೋದೀತೆಂದು ಕುದಿಸಿದ ಹಾಲನ್ನು ಆರಿಸದೆ ಹಾಗೇ ಇಟ್ಟ. ಅವನದೇ ಮೊದಲು ಗಟ್ಟಿಯಾಯಿತು. ಏಕೆ ಎಂದು ಕೇಳಿದರೆ, ಅದು ಸಾಧ್ಯವೇ ಇಲ್ಲ, ನೀನೇ ಗೊಂದಲ ಮಾಡಿಕೊಂಡಿದ್ದೀಯ ಎಂಬ ಉತ್ತರ ಸಿಕ್ಕಿತು. ಸಹಪಾಠಿಗಳು ನಕ್ಕರು. ಮುಂದೆ ಅವನು ಸೇರಿದ ಬೇರೆ ಶಾಲೆಗೆ ಭೌತವಿಜ್ಞಾನದ ಅಧ್ಯಾಪಕ ಡೆನಿಸ್ ಆಸ್ಬೋರ್ನ್ ಬಂದಾಗ ಹುಡುಗ ಎದ್ದುನಿಂತು ಅದೇ ಪ್ರಶ್ನೆ ಕೇಳಿದ. ಮತ್ತೆ ನಗು. ಆಸ್ಬೋರ್ನ್ ಮಾತ್ರ ಹಿಂದಿರುಗಿ ಹೋಗಿ ಪ್ರಯೋಗ ಮಾಡಿಸಿ ನೋಡಿದರು. 1969ರಲ್ಲಿ ಇಬ್ಬರ ಹೆಸರಿನಲ್ಲಿ ಲೇಖನ ಬಂತು. ಬಿಸಿನೀರು ನಿಜಕ್ಕೂ ಬೇಗ ಹೆಪ್ಪುಗಟ್ಟುತ್ತದೆಯೇ, ಯಾವ ಸಂದರ್ಭದಲ್ಲಿ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಈಗಲೂ ಒಮ್ಮತವಿಲ್ಲ. ಚರ್ಚೆ ಮಾತ್ರ ಆ ಹುಡುಗನ ಹೆಸರಿನಲ್ಲೇ ನಡೆಯುತ್ತಿದೆ. ಅವನು ಮುಂದೆ ಭೌತವಿಜ್ಞಾನಿಯಾಗಲಿಲ್ಲ, ವನ್ಯಜೀವಿ ನಿರ್ವಹಣೆಯ ಕೆಲಸಕ್ಕೆ ಹೋದ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ವಿಜ್ಞಾನ ಕಲಿತವರೆಲ್ಲ ವಿಜ್ಞಾನಿಯಾಗಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ.

ಈಗ ನಿಮ್ಮ ನಲ್ಲಿಯ ಮಾತಿಗೆ ಬರೋಣ. ನೀವು ಅದನ್ನು ಸೋಲಿಗೆ ಉದಾಹರಣೆಯಾಗಿ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನಗೆ ಅತ್ಯಂತ ಹಿಡಿಸಿದ ಸಾಲು ಅದು.

ನೀವು ಇಷ್ಟು ದಿನ "ನಲ್ಲಿ ಸೋರುತ್ತಿದೆ" ಎಂದಿರಿ. ಅದು ದೂರು. ದೂರಿಗೆ "ಸ್ವಲ್ಪ ತಾನೇ" ಎಂದುಬಿಡಬಹುದು. ನಾಳೆ ನಲ್ಲಿಯ ಕೆಳಗೆ ಒಂದು ಲೋಟ ಇಡಿ. ಗಡಿಯಾರ ನೋಡಿ ಹತ್ತು ನಿಮಿಷ ಬಿಡಿ. ಬಿದ್ದ ನೀರನ್ನು ಶಾಲೆಯ ಅಳತೆ ಜಾಡಿಯಲ್ಲಿ ಅಳೆಯಿರಿ. ಜಾಡಿ ಇಲ್ಲವಾದರೆ ಸೂಜಿಯಿಲ್ಲದ ಹೊಸ ಸಿರಿಂಜ್ ಸಾಕು. ಸೆಕೆಂಡಿಗೆ ಒಂದು ಹನಿ, 20 ಹನಿಗೆ ಒಂದು ಮಿಲಿಲೀಟರ್ ಎಂದು ಇಟ್ಟುಕೊಂಡರೆ ಹತ್ತು ನಿಮಿಷಕ್ಕೆ 30 ಮಿಲಿಲೀಟರ್ ಸಿಗುತ್ತದೆ. ನೋಡಲು ಏನೂ ಇಲ್ಲ, ಎರಡು ಗುಟುಕು. ಅದೇ ದಿನಕ್ಕೆ 4.32 ಲೀಟರ್, ವರ್ಷಕ್ಕೆ 1,500 ಲೀಟರ್‌ಗೂ ಹೆಚ್ಚು. ಎರಡು ನಲ್ಲಿಗೆ 3,000 ದಾಟುತ್ತದೆ.

ಆದರೆ ನನ್ನ ಲೆಕ್ಕವನ್ನು ನಂಬಬೇಡಿ. ಹನಿಯ ಗಾತ್ರ ನಲ್ಲಿಯಿಂದ ನಲ್ಲಿಗೆ ಬೇರೆ. ಟ್ಯಾಂಕ್ ತುಂಬಿದಾಗ ಒತ್ತಡ ಹೆಚ್ಚಿ ಹನಿಯ ವೇಗವೂ ಹೆಚ್ಚಬಹುದು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಅಳೆಯಿರಿ. ನಿಮಗೆ ಬಂದ ಅಂಕಿಯನ್ನು ಹೇಳದೆ ಗೆಳತಿಯೊಬ್ಬಳಿಂದಲೂ ಅಳೆಸಿ. ಎಮಿಲಿಯ ರಟ್ಟಿನ ಪರದೆ ಮಾಡಿದ ಕೆಲಸವೇ ಇದು: ಬೇಕಾದ ಉತ್ತರ ಕಣ್ಣನ್ನು ಎಳೆಯದಂತೆ ತಡೆಯುವುದು. ಅಂಕಿಗಳು ಹೊಂದದಿದ್ದರೆ ಅಳಿಸಬೇಡಿ. ಏಕೆ ಹೊಂದಲಿಲ್ಲ ಎಂದು ಪಕ್ಕದಲ್ಲಿ ಬರೆಯಿರಿ.

ಆಮೇಲೆ ಒಂದೇ ಒಂದು ಹಾಳೆ. ಯಾವ ದಿನ ಎಷ್ಟು, ಸರಾಸರಿ ಎಷ್ಟು, ವರ್ಷಕ್ಕೆ ಎಷ್ಟಾಗುತ್ತದೆ. ಇಂಥ ಸೋರಿಕೆಗೆ ಅನೇಕ ಸಲ ಕಾರಣ ಒಳಗಿನ ರಬ್ಬರ್ ವಾಷರ್ ಸವೆದಿರುವುದು, ಅದೇ ಇರಬಹುದೇ ನೋಡಿಸಿ ಎಂಬ ಕೋರಿಕೆ. ಅದನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಡಿ. ಸರಿಹೋಗದಿದ್ದರೆ ವಾರದ ನಂತರ ಮತ್ತೆ ಅಳೆದು, ಆ ವಾರದಲ್ಲಿ ಹರಿದುಹೋದದ್ದನ್ನು ಸೇರಿಸಿ ಇನ್ನೊಂದು ಹಾಳೆ ಕೊಡಿ. ಸರಿಹೋದ ಮೇಲೂ ಒಮ್ಮೆ ಲೋಟ ಇಡಿ. ಸೊನ್ನೆ ಬಂದರೆ ಅದನ್ನೂ ಬರೆದಿಡಿ.

ಹಾಳೆ ಕೊಟ್ಟ ಮರುದಿನವೇ ಕೆಲಸ ಆಗುತ್ತದೆ ಎಂದು ಭರವಸೆ ಕೊಡಲಾರೆ. ಲೂಯಿ ಬ್ರೈಲ್ ಎಂಬ ಫ್ರಾನ್ಸಿನ ಹುಡುಗ ಮೂರನೇ ವಯಸ್ಸಿನಲ್ಲಿ ತಂದೆಯ ಚರ್ಮದ ಕೆಲಸದ ಉಪಕರಣ ತಗುಲಿ ಗಾಯಗೊಂಡು, ಕ್ರಮೇಣ ದೃಷ್ಟಿ ಕಳೆದುಕೊಂಡ. ಮುಟ್ಟಿ ಓದಲು ಆಗಿದ್ದ ಒಂದು ಉಬ್ಬುಚುಕ್ಕಿ ಲಿಪಿಯಲ್ಲಿ ಹನ್ನೆರಡು ಚುಕ್ಕಿಗಳು, ಒಂದು ಗುರುತನ್ನು ಓದಲು ಬೆರಳನ್ನು ಮೇಲೆ ಕೆಳಗೆ ಆಡಿಸಬೇಕು. ಬೆರಳತುದಿಗೆ ಒಮ್ಮೆಗೇ ಸಿಗುವಂತೆ ಆರಕ್ಕೆ ಇಳಿಸಿದ. ಅವನಿಗೆ ಆಗ ಹದಿನೈದು, ನಿಮ್ಮದೇ ವಯಸ್ಸು. ಅವನ ಶಾಲೆ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಅವನು ತೀರಿಕೊಂಡು ಎರಡು ವರ್ಷವಾದ ಮೇಲೆ. ಇಂದು ಕನ್ನಡವೂ ಸೇರಿ ಎಷ್ಟೋ ಭಾಷೆಗಳು ಆ ಆರು ಚುಕ್ಕಿಗಳಲ್ಲಿ ಓದಿಸಿಕೊಳ್ಳುತ್ತಿವೆ. ಈ ಕಥೆ ಹೇಳುವಾಗ ನಡುವಿನ ಸುಮಾರು ಮೂವತ್ತು ವರ್ಷಗಳನ್ನು ನಾವು ಹಾರಿಸಿಬಿಡುತ್ತೇವೆ. ಅದಷ್ಟೂ ಕಾಲ ಅಂಧ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಅದನ್ನು ಬಳಸಿ ಉಳಿಸಿಕೊಂಡಿದ್ದರು ಎಂಬುದು ನನಗೆ ಲಿಪಿಯಷ್ಟೇ ದೊಡ್ಡದಾಗಿ ಕಾಣುತ್ತದೆ.

ನಿಮ್ಮ ಅರವತ್ತು ಅಂಕದ ಬಗ್ಗೆ ಒಂದು ಮಾತು. ಅದನ್ನು ಹೆಚ್ಚಿಸಿಕೊಳ್ಳಿ, ಬೇಡ ಎನ್ನುವುದಿಲ್ಲ. ಮುಂದೆ ಓದಲು ಅದು ಬೇಕು. ಆದರೆ ಪ್ರಶ್ನೆಪತ್ರಿಕೆ ಅಳೆಯುವುದು ನಿಮಗೆ ತಿಳಿದಿರುವ ಉತ್ತರಗಳನ್ನು. ವರ್ಷದಿಂದ ಎಲ್ಲರೂ ದಾಟಿಹೋಗುತ್ತಿರುವ ನಲ್ಲಿಯ ಮುಂದೆ ನೀವೊಬ್ಬರೇ ನಿಂತು ನೋಡಿದಿರಿ ಎಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ.

ಹದಿನೈದು ದಿನದ ಅಳತೆಗಳನ್ನು, ಮರೆತ ದಿನಗಳನ್ನೂ ತಪ್ಪಿದ ಲೆಕ್ಕಗಳನ್ನೂ ಸೇರಿಸಿ, ನಮಗೆ ಕಳಿಸಿ. ನಿಮ್ಮ ಹೆಸರು ಹಾಕುವುದಿಲ್ಲ, ಚಿತ್ರವೂ ಬೇಡ. ಪಟ್ಟಿಯನ್ನು ಮಾತ್ರ ನಿಮ್ಮ ಕೈಬರಹದಲ್ಲೇ ಅಚ್ಚು ಹಾಕುತ್ತೇವೆ.

– ಸಂಪಾದಕ